ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಚೇತರಿಕೆ ಮತ್ತು ಮನೆಯ ಶುಶ್ರೂಷೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ, ಹೃದಯ ಕವಾಟದ ಬದಲಾವಣೆ, ಜನ್ಮಜಾತ ಹೃದಯ ದೋಷದ ಸರಿಪಡಿಸುವಿಕೆ ಹಾಗೂ ಶ್ವಾಸಕೋಶದ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಗಳನ್ನು ಎದೆಯ ದೊಡ್ಡ ಶಸ್ತ್ರಚಿಕಿತ್ಸೆಗಳೆಂದು ಪರಿಗಣಿಸಲಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು ಮತ್ತು ಕಲಬುರಗಿಯ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯೂ ಸೇರಿದಂತೆ ಸರ್ಕಾರಿ ಹಾಗೂ ನೋಂದಾಯಿತ ಖಾಸಗಿ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಳು ನಡೆಯುತ್ತಿವೆ.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆಸ್ಪತ್ರೆಯ ವಾಸ್ತವ್ಯವು ತೊಡಕುಗಳಿಲ್ಲದಿದ್ದಲ್ಲಿ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ ಕತ್ತರಿಸಿದ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರಗಳು, ಅದು ಪೂರ್ಣ ಬಲವನ್ನು ಪಡೆಯಲು ಸುಮಾರು ಮೂರು ತಿಂಗಳು ಬೇಕಾಗುತ್ತದೆ. ಈ ಅವಧಿಯ ಬಹುಭಾಗವನ್ನು ರೋಗಿಯು ಮನೆಯಲ್ಲಿಯೇ ಕಳೆಯುವುದರಿಂದ, ಆರೈಕೆಯ ಹೊಣೆ ಕುಟುಂಬದವರ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಮೊದಲೇ ಯೋಜಿಸಿಕೊಳ್ಳಲು ನೆರವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಇದು ಚಿಕಿತ್ಸೆ ನೀಡಿದ ವೈದ್ಯರ ಸೂಚನೆಗೆ ಬದಲಿಯಲ್ಲ. ಎರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ವೈದ್ಯರ ಸೂಚನೆಯನ್ನೇ ಪಾಲಿಸತಕ್ಕದ್ದು.

2. ಶಸ್ತ್ರಚಿಕಿತ್ಸೆಯಲ್ಲಿ ಏನು ನಡೆಯುತ್ತದೆ

ಹೃದಯದ ಬಹುತೇಕ ತೆರೆದ ಶಸ್ತ್ರಚಿಕಿತ್ಸೆಗಳಲ್ಲಿ ಎದೆಯ ನಡುಮೂಳೆಯನ್ನು ಉದ್ದುದ್ದವಾಗಿ ಸೀಳಿ, ಕೆಲಸ ಮುಗಿದ ನಂತರ ಉಕ್ಕಿನ ತಂತಿಗಳಿಂದ ಬಿಗಿದು ಕೂಡಿಸಲಾಗುತ್ತದೆ. ಈ ತಂತಿಗಳು ಸಾಮಾನ್ಯವಾಗಿ ಜೀವನಪರ್ಯಂತ ಒಳಗೇ ಉಳಿಯುತ್ತವೆ. ಅವುಗಳಿಂದ ತೊಂದರೆಯಾಗುವುದು ಅಪರೂಪ. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನಿಂದ ರಕ್ತನಾಳವನ್ನು ತೆಗೆದಿದ್ದಲ್ಲಿ ಕಾಲಿನಲ್ಲಿಯೂ ಗಾಯವಿರುತ್ತದೆ. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ಪಕ್ಕದಲ್ಲಿ, ಪಕ್ಕೆಲುಬುಗಳ ನಡುವೆ ಛೇದನ ಮಾಡಲಾಗುತ್ತದೆ.

ಮೇಲಿನ ಚರ್ಮವು ಎರಡು ಮೂರು ವಾರಗಳಲ್ಲಿ ಮಾಗುತ್ತದೆ. ಚರ್ಮ ಮಾಗಿದ್ದನ್ನು ಕಂಡು ಒಳಗಿನ ಮೂಳೆಯೂ ಕೂಡಿತೆಂದು ಭಾವಿಸಿ ರೋಗಿಯನ್ನು ಕೆಲಸಕ್ಕೆ ಹಚ್ಚುವುದು ಅಪಾಯಕಾರಿ. ತಂತಿ ಸಡಿಲಗೊಂಡು ಮೂಳೆ ಅಲುಗಾಡಿದಲ್ಲಿ ಒಳಗೆ ಸೋಂಕು ತಗಲುವ ಸಂಭವವಿದ್ದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

3. ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ದಿನಾಂಕ ನಿಗದಿಯಾದ ಕೂಡಲೇ ಕುಟುಂಬದವರು ಒಟ್ಟಾಗಿ ಕುಳಿತು ಈ ಕೆಳಕಂಡ ವಿಷಯಗಳನ್ನು ತೀರ್ಮಾನಿಸಿಕೊಳ್ಳುವುದು ಸೂಕ್ತ.

(ಅ) ಮನೆಗೆ ಮರಳಿದ ಮೊದಲ ಎರಡು ವಾರ ಹಗಲು ರಾತ್ರಿ ಜೊತೆಯಲ್ಲಿರುವವರು ಯಾರು, ಅವರಿಗೆ ಬಿಡುವು ಕೊಡುವ ಎರಡನೆಯವರು ಯಾರು ಎಂಬುದನ್ನು ನಿರ್ಧರಿಸಬೇಕು.

(ಆ) ರೋಗಿಯು ಈವರೆಗೆ ಮಾಡುತ್ತಿದ್ದ ಕೆಲಸಗಳ ಪಟ್ಟಿ ಮಾಡಿ ಹಂಚಿಕೊಳ್ಳಬೇಕು. ನೀರು ತರುವುದು, ಹಾಲು ಕರೆಯುವುದು, ಮೇವು ಹೊರುವುದು, ಅಡುಗೆ, ಬಟ್ಟೆ ಒಗೆಯುವುದು, ಮಕ್ಕಳನ್ನು ಎತ್ತಿಕೊಳ್ಳುವುದು ಇವೆಲ್ಲವೂ ಕನಿಷ್ಠ ಎಂಟು ವಾರ ಬೇರೆಯವರ ಪಾಲಿಗೆ ಬರಬೇಕು. ರೋಗಿಯು ಮನೆಯ ಗೃಹಿಣಿಯಾಗಿದ್ದಲ್ಲಿ ಈ ಪಟ್ಟಿ ವಿಶೇಷವಾಗಿ ಮುಖ್ಯ. ಹೊರಗಿನ ದುಡಿಮೆಗೆ ರಜೆ ಸಿಗುತ್ತದೆ. ಮನೆಯೊಳಗಿನ ದುಡಿಮೆಗೆ ರಜೆಯನ್ನು ಕುಟುಂಬವೇ ಕೊಡಬೇಕು.

(ಇ) ಮಲಗಲು ಮಂಚದ ವ್ಯವಸ್ಥೆ ಮಾಡಬೇಕು. ನೆಲದ ಮೇಲಿನ ಚಾಪೆಯಿಂದ ಏಳುವಾಗ ಕೈಗಳ ಮೇಲೆ ಭಾರ ಬೀಳುತ್ತದೆ. ಸಾಧ್ಯವಾದರೆ ನೆಲಮಹಡಿಯ ಕೋಣೆ ಇರಲಿ.

(ಈ) ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವ ಶೌಚಾಲಯ ಮಾತ್ರ ಇದ್ದಲ್ಲಿ ಕಮೋಡ್ ಕುರ್ಚಿಯನ್ನು ಕೊಂಡು ಅಥವಾ ಬಾಡಿಗೆಗೆ ತಂದಿಡಬೇಕು. ಬಚ್ಚಲಿನಲ್ಲಿ ಜಾರದ ಹಾಸು ಮತ್ತು ಸ್ಟೂಲ್ ಇರಲಿ.

(ಉ) ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾಗಳನ್ನು ವೈದ್ಯರನ್ನು ಕಂಡ ದಿನದಿಂದಲೇ ಬಿಡಬೇಕು. ಧೂಮಪಾನಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕಫ ಕಟ್ಟಿ ನ್ಯುಮೋನಿಯಾ ಆಗುವ ಹಾಗೂ ಗಾಯ ಮಾಗದಿರುವ ಸಂಭವ ಹೆಚ್ಚು.

(ಊ) ಹಲ್ಲು ಹುಳುಕು, ಚರ್ಮದ ಹುಣ್ಣು, ಕೆಮ್ಮು, ಮೂತ್ರದ ಉರಿ ಇದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸಬೇಕು. ಸೇವಿಸುತ್ತಿರುವ ನಾಟಿ ಔಷಧಿಯೂ ಸೇರಿದಂತೆ ಎಲ್ಲ ಔಷಧಿಗಳನ್ನು ತೋರಿಸಬೇಕು.

4. ಆಸ್ಪತ್ರೆಯಲ್ಲಿ

ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ತೀವ್ರ ನಿಗಾ ಘಟಕದಲ್ಲಿ ಇರಿಸಲಾಗುತ್ತದೆ. ಬಾಯಿಯಲ್ಲಿ ಉಸಿರಾಟದ ಯಂತ್ರದ ಕೊಳವೆ, ಎದೆಯಿಂದ ರಕ್ತ ಮತ್ತು ದ್ರವ ಹರಿದುಹೋಗುವ ಕೊಳವೆಗಳು, ಮೂತ್ರದ ಕೊಳವೆ ಹಾಗೂ ಹಲವು ತಂತಿಗಳಿರುತ್ತವೆ. ಇದನ್ನು ಕಂಡು ಬಂಧುಗಳು ಗಾಬರಿಯಾಗಬೇಕಾಗಿಲ್ಲ. ಚೇತರಿಕೆಗೆ ಅನುಗುಣವಾಗಿ ಇವುಗಳನ್ನು ಒಂದೊಂದಾಗಿ ತೆಗೆಯಲಾಗುತ್ತದೆ. ಕೊಳವೆ ಬಾಯಿಯಲ್ಲಿರುವಾಗ ರೋಗಿಗೆ ಮಾತನಾಡಲು ಆಗುವುದಿಲ್ಲ. ಕೆಲವರಿಗೆ, ಅದರಲ್ಲಿಯೂ ವಯಸ್ಸಾದವರಿಗೆ, ಒಂದೆರಡು ದಿನ ಗೊಂದಲವಾಗಿ ಇಲ್ಲದ್ದನ್ನು ಕಂಡಂತೆ ಮಾತನಾಡಬಹುದು. ಪರಿಚಿತ ಧ್ವನಿಯಲ್ಲಿ ಹೆಸರು ಹಿಡಿದು ಕರೆದು, ದಿನ ಮತ್ತು ಹೊತ್ತನ್ನು ತಿಳಿಸುವುದು, ಅವರ ಕನ್ನಡಕ ಹಾಗೂ ಶ್ರವಣ ಸಾಧನವನ್ನು ಮರಳಿ ಕೊಡುವುದು ನೆರವಾಗುತ್ತದೆ.

ಹೃದಯದ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಎದೆಬಡಿತದ ಲಯ ತಪ್ಪುವುದು ಸಾಮಾನ್ಯ. ಬಹುತೇಕ ಸಂದರ್ಭಗಳಲ್ಲಿ ಇದು ಔಷಧಿಯಿಂದ ಸರಿಹೋಗುತ್ತದೆ.

ವಾರ್ಡಿಗೆ ಬಂದ ನಂತರ ಶುಶ್ರೂಷಕಿಯರು ಮತ್ತು ಫಿಸಿಯೋಥೆರಪಿ ಸಿಬ್ಬಂದಿ ಉಸಿರಾಟದ ವ್ಯಾಯಾಮ, ಕೆಮ್ಮುವ ಕ್ರಮ ಹಾಗೂ ನಡಿಗೆಯನ್ನು ಕಲಿಸುತ್ತಾರೆ. ನೋವಿದೆಯೆಂದು ಇವನ್ನು ಬಿಡಬಾರದು. ಮನೆಯಲ್ಲಿ ಆರೈಕೆ ಮಾಡುವವರು ಆ ಸಮಯದಲ್ಲಿ ಹಾಜರಿದ್ದು, ಬಿಡುಗಡೆಗೆ ಮುನ್ನ ಸಿಬ್ಬಂದಿಯ ಎದುರಿನಲ್ಲಿ ಒಮ್ಮೆ ತಾವೇ ಮಾಡಿಸಿ ತೋರಿಸುವುದು ಒಳಿತು.

5. ಬಿಡುಗಡೆಯ ದಿನ ಕೇಳಿ ಪಡೆಯಬೇಕಾದವು

(1) ಸಹಿ ಮತ್ತು ಮೊಹರುಳ್ಳ ಬಿಡುಗಡೆ ಸಾರಾಂಶ.
(2) ಔಷಧಿಗಳ ಪಟ್ಟಿ: ಯಾವುದು, ಎಷ್ಟು, ಯಾವ ಹೊತ್ತಿಗೆ, ಎಷ್ಟು ದಿನ ಎಂಬ ವಿವರ ಸಹಿತ.
(3) ಹೊಲಿಗೆ ತೆಗೆಯುವ ಹಾಗೂ ಮರುಭೇಟಿಯ ದಿನಾಂಕ.
(4) ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ.
(5) ಕೃತಕ ಕವಾಟ ಅಳವಡಿಸಿದ್ದಲ್ಲಿ ಅದರ ವಿವರವುಳ್ಳ ಕಾರ್ಡ್.
(6) ನೌಕರರಿಗೆ ರಜೆಗಾಗಿ ವೈದ್ಯಕೀಯ ಪ್ರಮಾಣಪತ್ರ.

ಇವುಗಳ ನೆರಳಚ್ಚು ಪ್ರತಿಗಳನ್ನು ಮಾಡಿಸಿ, ಮೂಲವನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು. ಊರಿನ ವೈದ್ಯರನ್ನು ಯಾವ ಕಾರಣಕ್ಕೆ ಕಂಡರೂ ಈ ಕಡತವನ್ನು ಕೊಂಡೊಯ್ಯತಕ್ಕದ್ದು.

ದೂರದ ಊರಿಗೆ ಮರಳುವವರು ದಾರಿಯಲ್ಲಿ ಒಂದೆರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ಕೆಲವು ನಿಮಿಷ ನಡೆಯಬೇಕು. ಕಾರಿನಲ್ಲಿ ಹಿಂಬದಿಯ ಆಸನದಲ್ಲಿ ಕುಳಿತು, ಎದೆಗೂ ಸೀಟ್ ಬೆಲ್ಟಿಗೂ ನಡುವೆ ಮಡಿಸಿದ ಟವೆಲ್ ಇಟ್ಟುಕೊಳ್ಳಬಹುದು. ಬೆಲ್ಟ್ ಹಾಕದೆ ಪ್ರಯಾಣಿಸಬಾರದು. ರೈಲಿನಲ್ಲಿ ಕೆಳಗಿನ ಬರ್ತ್ ಇರಬೇಕು. ದ್ವಿಚಕ್ರ ವಾಹನದ ಹಿಂದೆ ಕೂರಿಸಿಕೊಂಡು ಹೋಗುವುದು ಸಲ್ಲದು.

6. ಮನೆಯಲ್ಲಿ ದಿನನಿತ್ಯದ ಶುಶ್ರೂಷೆ

6.1 ಏಳುವ, ಕೂರುವ ಕ್ರಮ

ಮಂಚದಿಂದ ಏಳುವಾಗ ಮೊಣಕಾಲು ಮಡಿಚಿ, ಇಡೀ ದೇಹವನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಕೆಳಗಿಳಿಸಿ, ನಂತರ ನಿಧಾನವಾಗಿ ಕುಳಿತುಕೊಳ್ಳಬೇಕು. ಒಂದು ನಿಮಿಷ ಕುಳಿತು, ತಲೆ ಸುತ್ತದಿದ್ದಲ್ಲಿ ಮಾತ್ರ ನಿಲ್ಲಬೇಕು. ಕುರ್ಚಿಯಿಂದ ಏಳುವಾಗ ಅಂಚಿಗೆ ಸರಿದು ತೊಡೆಗಳ ಬಲದಿಂದ ಏಳಬೇಕು.

ಆರೈಕೆದಾರರು ರೋಗಿಯ ಕೈ ಹಿಡಿದಾಗಲೀ ಕಂಕುಳಿಗೆ ಕೈ ಹಾಕಿಯಾಗಲೀ ಎಳೆದು ಎಬ್ಬಿಸಬಾರದು. ಬೆನ್ನ ಹಿಂದೆ ಅಂಗೈ ಇಟ್ಟು ಆಸರೆ ನೀಡಬೇಕು.

6.2 ಎತ್ತುವುದು, ಎಳೆಯುವುದು, ತಳ್ಳುವುದು

ಎದೆಮೂಳೆ ಸೀಳಿದವರು ಆರರಿಂದ ಎಂಟು ವಾರ ಎರಡು ಮೂರು ಕಿಲೋಗ್ರಾಂಗಿಂತ ಹೆಚ್ಚು ಭಾರವನ್ನು ಎತ್ತಬಾರದು. ತುಂಬಿದ ಬಕೆಟ್, ನೀರಿನ ಬಿಂದಿಗೆ, ಅಡುಗೆ ಅನಿಲದ ಸಿಲಿಂಡರ್, ಅಕ್ಕಿ ಚೀಲ, ಮಗು ಇವೆಲ್ಲ ಈ ಮಿತಿಯನ್ನು ಮೀರಿದವು. ಬಾವಿಯಿಂದ ನೀರು ಸೇದುವುದು, ಬೋರ್‌ವೆಲ್ಲಿನ ಕೈಪಂಪು ಒತ್ತುವುದು, ರುಬ್ಬುವುದು, ಮುದ್ದೆ ತೊಳಸುವುದು, ಬಟ್ಟೆ ಹಿಂಡುವುದು, ಬಿಗಿಯಾದ ಕಿಟಕಿ ಬಾಗಿಲು ಎಳೆಯುವುದು ಕೂಡದು. ಒಂದೇ ಕೈಯಿಂದ ಎಳೆಯುವ ಕೆಲಸದಲ್ಲಿ ಮೂಳೆಯ ಎರಡು ಭಾಗಗಳ ಮೇಲೆ ಅಸಮ ಬಲ ಬೀಳುವುದರಿಂದ ಅಪಾಯ ಹೆಚ್ಚು. ತಲೆ ಬಾಚುವುದು, ಊಟ ಮಾಡುವುದು, ಮುಖ ತೊಳೆಯುವುದು ಮುಂತಾದ ಹಗುರ ಕೆಲಸಗಳನ್ನು ರೋಗಿಯೇ ಮಾಡಿಕೊಳ್ಳಬೇಕು. ಭುಜಗಳನ್ನು ಅಲುಗಾಡಿಸದೆ ಇಟ್ಟರೆ ಅವು ಬಿಗಿದುಕೊಳ್ಳುತ್ತವೆ.

6.3 ಉಸಿರಾಟ ಮತ್ತು ಕೆಮ್ಮು

ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಬಾರಿ ಮೂಗಿನಿಂದ ಆಳವಾಗಿ ಉಸಿರೆಳೆದು, ಎರಡು ಮೂರು ಸೆಕೆಂಡು ಹಿಡಿದು, ನಿಧಾನವಾಗಿ ಬಿಡಬೇಕು. ಚೆಂಡುಗಳಿರುವ ಉಸಿರಾಟದ ಉಪಕರಣವನ್ನು ನೀಡಿದ್ದಲ್ಲಿ ಅದನ್ನು ಬಳಸಬೇಕು. ಕೆಮ್ಮುವಾಗ, ಸೀನುವಾಗ ದಿಂಬನ್ನು ಎರಡೂ ಕೈಗಳಿಂದ ಎದೆಗೆ ಒತ್ತಿ ಹಿಡಿದುಕೊಳ್ಳಬೇಕು. ಕಫವನ್ನು ಹೊರಹಾಕುವುದು ಅಗತ್ಯ. ನೋವಿನ ಭಯದಿಂದ ಕೆಮ್ಮನ್ನು ತಡೆದರೆ ಶ್ವಾಸಕೋಶದ ಕೆಳಭಾಗ ಮುಚ್ಚಿಕೊಂಡು ಸೋಂಕಾಗುತ್ತದೆ. ಸೌದೆ ಒಲೆಯ ಹೊಗೆ ಇರುವಲ್ಲಿ ರೋಗಿಯನ್ನು ಕೂರಿಸಬಾರದು.

6.4 ಗಾಯದ ಆರೈಕೆ ಮತ್ತು ಸ್ನಾನ

ಗಾಯವನ್ನು ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಬೇಕು. ವೈದ್ಯರು ಸ್ನಾನಕ್ಕೆ ಅನುಮತಿ ನೀಡಿದ ಮೇಲೆ ಸ್ಟೂಲಿನ ಮೇಲೆ ಕುಳಿತು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಿಂದ ಗಾಯವನ್ನು ಮೃದುವಾಗಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಬೇಕು. ಉಜ್ಜಬಾರದು. ಅರಿಶಿನ, ಎಣ್ಣೆ, ಪೌಡರ್, ವಿಭೂತಿ, ಸೊಪ್ಪಿನ ರಸ ಇತ್ಯಾದಿಗಳನ್ನು ಹಚ್ಚಕೂಡದು. ಕೆರೆ, ಹೊಳೆ, ಪುಷ್ಕರಣಿಗಳಲ್ಲಿ ಸ್ನಾನ ಮಾಡಬಾರದು.

ಮಹಿಳೆಯರು ಮುಂಭಾಗದಲ್ಲಿ ಗುಂಡಿಯಿರುವ ಮೃದುವಾದ ಒಳ ಉಡುಪನ್ನು ಧರಿಸಿದಲ್ಲಿ ಸ್ತನಗಳ ಭಾರದಿಂದ ಗಾಯ ಎಳೆಯುವುದು ಕಡಿಮೆಯಾಗುತ್ತದೆ. ಮಾಂಗಲ್ಯದ ಸರ ಗಾಯಕ್ಕೆ ತಾಗದಂತೆ ನಡುವೆ ಶುಭ್ರವಾದ ಹತ್ತಿ ಬಟ್ಟೆ ಇಟ್ಟುಕೊಳ್ಳಬೇಕು.

ರಕ್ತನಾಳ ತೆಗೆದ ಕಾಲಿನಲ್ಲಿ ಕೆಲವು ವಾರ ಊತವಿರುವುದು ಸಹಜ. ಕುಳಿತಾಗ ಕಾಲನ್ನು ಎತ್ತರದಲ್ಲಿ ಇಡಬೇಕು, ಕಾಲ ಮೇಲೆ ಕಾಲು ಹಾಕಿ ಕೂರಬಾರದು, ಸೂಚಿಸಿದ್ದಲ್ಲಿ ಬಿಗಿ ಕಾಲುಚೀಲ ಧರಿಸಬೇಕು.

6.5 ನಡಿಗೆ ಮತ್ತು ವಿಶ್ರಾಂತಿ

ರೋಗಿಯನ್ನು ಸದಾ ಮಲಗಿಸಿಯೇ ಇಡುವುದು ಆರೈಕೆಯೆಂಬ ಭಾವನೆ ಸರಿಯಲ್ಲ. ಹಾಗೆ ಮಾಡಿದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ಕಫ ನಿಲ್ಲುವ, ಮಲಬದ್ಧತೆಯ ಹಾಗೂ ಸ್ನಾಯುಗಳು ಕ್ಷೀಣಿಸುವ ತೊಂದರೆಗಳು ಬರುತ್ತವೆ. ಮೊದಲ ವಾರ ಸಮತಟ್ಟಾದ ನೆಲದಲ್ಲಿ ಐದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ ನಡೆದು, ದಿನಕ್ಕೆ ಒಂದೆರಡು ನಿಮಿಷ ಹೆಚ್ಚಿಸುತ್ತಾ ಆರನೇ ವಾರದ ಹೊತ್ತಿಗೆ ಅರ್ಧ ಗಂಟೆಗೆ ತರುವುದು ಸಾಮಾನ್ಯ ಕ್ರಮ. ನಡೆಯುತ್ತಾ ಮಾತನಾಡಲು ಸಾಧ್ಯವಿದ್ದಲ್ಲಿ ವೇಗ ಸರಿಯಿದೆಯೆಂದು ತಿಳಿಯಬಹುದು. ಊಟವಾದ ಕೂಡಲೇ ಹಾಗೂ ಉರಿಬಿಸಿಲಿನಲ್ಲಿ ನಡೆಯಬಾರದು. ಹಗಲಿನಲ್ಲಿ ಎರಡು ಬಾರಿ ವಿಶ್ರಾಂತಿ ಇರಲಿ. ನೋಡಲು ಬರುವ ನೆಂಟರ ಭೇಟಿಯನ್ನು ಮಿತಗೊಳಿಸಿ, ನೆಗಡಿ ಜ್ವರ ಇರುವವರು ಬರದಂತೆ ವಿನಂತಿಸಬೇಕು.

6.6 ನೋವು

ಸೂಚಿಸಿದ ನೋವಿನ ಮಾತ್ರೆಯನ್ನು ಮೊದಲ ವಾರಗಳಲ್ಲಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ರೋಗಿಗೆ ಉಸಿರಾಟ ಮತ್ತು ನಡಿಗೆ ಸುಲಭವಾಗುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಹೃದ್ರೋಗಿಗಳಿಗೆ ಹಾನಿಕರವಾಗಬಹುದು. ಭುಜ ಮತ್ತು ಬೆನ್ನಿನ ಮೇಲ್ಭಾಗದ ನೋವು, ಎದೆಯ ಎಡಭಾಗದಲ್ಲಿ ಜೋಮು, ರುಚಿ ಕೆಟ್ಟಿರುವುದು, ನಿದ್ರೆ ಕಡಿಮೆಯಾಗುವುದು ಕೆಲವು ವಾರ ಅಥವಾ ತಿಂಗಳುಗಳವರೆಗೆ ಇರಬಹುದು. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಪಕ್ಕೆಲುಬಿನ ಗುಂಟ ಉರಿನೋವು ಹೆಚ್ಚು ಕಾಲ ಉಳಿಯಬಹುದಾಗಿದ್ದು, ಅದಕ್ಕೆ ಪ್ರತ್ಯೇಕ ಔಷಧಿಗಳಿರುವುದರಿಂದ ವೈದ್ಯರಿಗೆ ತಿಳಿಸಬೇಕು.

6.7 ಆಹಾರ

ಗಾಯ ಮಾಗಲು ಪ್ರೋಟೀನ್ ಅಗತ್ಯ. ಬೇಳೆ, ಮೊಳಕೆ ಕಾಳು, ಹಾಲು, ಮಜ್ಜಿಗೆ, ಮೊಟ್ಟೆಯ ಬಿಳಿ, ಮೀನು ಕೊಡಬಹುದು. ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಅಥವಾ ರಸ್ಕ್ ಕೊಡುವುದು ಸಾಲದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಬೇಕರಿ ತಿನಿಸುಗಳಲ್ಲಿ ಉಪ್ಪು ಹೆಚ್ಚಿರುವುದರಿಂದ ದೂರವಿಡಬೇಕು. ಹಸಿವಿಲ್ಲದಿದ್ದಲ್ಲಿ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ಕೊಡಬೇಕು. ನೀರಿನ ಪ್ರಮಾಣಕ್ಕೆ ವೈದ್ಯರು ಮಿತಿ ಹಾಕಿದ್ದಲ್ಲಿ ಅಳೆದು ಕೊಡಬೇಕು. ಮಧುಮೇಹಿಗಳಲ್ಲಿ ಸಕ್ಕರೆ ಹತೋಟಿ ತಪ್ಪಿದರೆ ಗಾಯಕ್ಕೆ ಸೋಂಕು ತಗಲುವುದರಿಂದ ಹೇಳಿದ ದಿನಗಳಂದು ತಪ್ಪದೆ ರಕ್ತ ಪರೀಕ್ಷೆ ಮಾಡಿಸಬೇಕು.

6.8 ಔಷಧಿ

ಬೈಪಾಸ್ ಆದವರಿಗೆ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ ದೀರ್ಘಕಾಲ ನೀಡಲಾಗುತ್ತದೆ. ಆರಾಮವಾಗಿದೆಯೆಂದು ತಾವಾಗಿಯೇ ನಿಲ್ಲಿಸಬಾರದು.

ಲೋಹದ ಕವಾಟ ಅಳವಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅದೇ ಗುಂಪಿನ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ಮಾತ್ರೆ ನಿಲ್ಲಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಅಥವಾ ಮರಣ ಸಂಭವಿಸಬಹುದು. ಹೆಚ್ಚಾದರೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯನ್ನು ಹೇಳಿದ ದಿನ ಮಾಡಿಸಿ ಪುಸ್ತಕದಲ್ಲಿ ಬರೆದಿಡಬೇಕು. ಒಂದು ದಿನ ಮಾತ್ರೆ ತಪ್ಪಿದಲ್ಲಿ ಮರುದಿನ ಎರಡು ಪಟ್ಟು ನುಂಗಬಾರದು. ಸೊಪ್ಪಿನ ಸೇವನೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಆದರೆ ವಾರದಿಂದ ವಾರಕ್ಕೆ ಪ್ರಮಾಣ ಏಕರೂಪವಾಗಿರಲಿ. ಹಲ್ಲು ಕೀಳಿಸುವ ಅಥವಾ ಸೊಂಟಕ್ಕೆ ಚುಚ್ಚುಮದ್ದು ಹಾಕಿಸುವ ಮುನ್ನ ಈ ಔಷಧಿಯ ವಿಷಯವನ್ನು ಕಡ್ಡಾಯವಾಗಿ ತಿಳಿಸಬೇಕು. ಈ ಮಾತ್ರೆ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದಾದ್ದರಿಂದ ಮಹಿಳೆಯರು ಗರ್ಭ ಧರಿಸುವ ಮುನ್ನವೇ ಹೃದ್ರೋಗ ತಜ್ಞರನ್ನು ಕಾಣಬೇಕು.

ಔಷಧಿಯ ವೆಚ್ಚ ಭರಿಸಲಾಗದೆ ಮಾತ್ರೆ ಬಿಡುವ ಬದಲು, ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಜನೌಷಧಿ ಕೇಂದ್ರದಲ್ಲಿ ಲಭ್ಯವಿರುವ ಜನರಿಕ್ ಔಷಧಿಯ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.

6.9 ಮನಸ್ಸಿನ ಸ್ಥಿತಿ

ಕಾರಣವಿಲ್ಲದೆ ಅಳು, ಸಿಡುಕು, ಭಯ, ಮರೆವು ಮೊದಲ ವಾರಗಳಲ್ಲಿ ಹಲವರಿಗೆ ಇರುತ್ತದೆ. ಧೈರ್ಯಗೆಟ್ಟಿದ್ದಾರೆಂದು ಹಂಗಿಸಬಾರದು. ಎರಡು ವಾರಕ್ಕೂ ಮೀರಿ ಊಟ, ನಿದ್ರೆ, ಮಾತು ಬೇಡವಾಗಿದ್ದಲ್ಲಿ ವೈದ್ಯರಿಗೆ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತ ಸಲಹೆ ಪಡೆಯಬಹುದು. ದಣಿದ ಆರೈಕೆದಾರರಿಗೂ ಈ ಸೇವೆ ಮುಕ್ತವಾಗಿದೆ.

7. ಅಪಾಯದ ಚಿಹ್ನೆಗಳು

(ಅ) ತಕ್ಷಣ 108ಕ್ಕೆ ಕರೆ ಮಾಡಬೇಕಾದ ಸಂದರ್ಭಗಳು: ಹಿಂಡಿದಂತಹ ಎದೆನೋವು, ಮಲಗಿದಾಗ ಅಥವಾ ಹಠಾತ್ತನೆ ತೀವ್ರ ಉಸಿರುಕಟ್ಟುವಿಕೆ, ಪ್ರಜ್ಞೆ ತಪ್ಪುವುದು, ಮುಖ ಸೊಟ್ಟಗಾಗುವುದು, ಕೈಕಾಲು ಬಲ ಕುಂದುವುದು ಅಥವಾ ಮಾತು ತೊದಲುವುದು, ನಿಲ್ಲದ ರಕ್ತಸ್ರಾವ, ಕಫದಲ್ಲಿ ರಕ್ತ.

(ಆ) ಅದೇ ದಿನ ಆಸ್ಪತ್ರೆಗೆ ತಿಳಿಸಬೇಕಾದ ಸಂದರ್ಭಗಳು: 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಗಾಯದಿಂದ ಕೀವು ಅಥವಾ ನೀರು, ಗಾಯದ ಸುತ್ತ ಕೆಂಪು ಮತ್ತು ಬಿಸಿ ಹೆಚ್ಚುತ್ತಿರುವುದು, ಕೆಮ್ಮಿದಾಗ, ಹೊರಳಿದಾಗ ಎದೆಮೂಳೆ ಕಟಕಟ ಎನ್ನುವುದು ಅಥವಾ ಅಲುಗಾಡಿದಂತೆ ಭಾಸವಾಗುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು, ಒಂದೇ ಮೀನಖಂಡ ಊದಿ ನೋಯುವುದು, ಮಲ ಕಪ್ಪಾಗುವುದು.

(ಇ) ಪ್ರತಿದಿನ ಬೆಳಗ್ಗೆ ಮೂತ್ರ ವಿಸರ್ಜನೆಯ ನಂತರ, ಉಪಾಹಾರಕ್ಕೆ ಮುನ್ನ ತೂಕ ನೋಡಿ ಬರೆದಿಡಬೇಕು. ಒಂದು ದಿನದಲ್ಲಿ ಒಂದು ಕಿಲೋಗ್ರಾಂಗಿಂತ ಅಥವಾ ಒಂದು ವಾರದಲ್ಲಿ ಎರಡು ಕಿಲೋಗ್ರಾಂಗಿಂತ ಹೆಚ್ಚು ಏರಿದಲ್ಲಿ ದೇಹದಲ್ಲಿ ನೀರು ನಿಲ್ಲುತ್ತಿರಬಹುದು. ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

8. ದೈನಂದಿನ ಬದುಕಿಗೆ ಮರಳುವುದು

ವಾಹನ ಚಾಲನೆಯನ್ನು ಆರರಿಂದ ಎಂಟು ವಾರಗಳ ನಂತರ, ವೈದ್ಯರ ಅನುಮತಿ ಪಡೆದು ಆರಂಭಿಸಬಹುದು. ಕುಳಿತು ಮಾಡುವ ಕೆಲಸದವರು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮರಳುತ್ತಾರೆ. ಬೇಸಾಯ, ಹಮಾಲಿ, ಕಟ್ಟಡ ಕೆಲಸದವರು ಮೂರು ತಿಂಗಳಾದರೂ ಕಾಯಬೇಕು. ಎರಡು ಮಹಡಿಯ ಮೆಟ್ಟಿಲುಗಳನ್ನು ದಣಿಯದೆ ಹತ್ತಲು ಸಾಧ್ಯವಾದಾಗ ದಾಂಪತ್ಯ ಸಂಬಂಧವನ್ನು ಪುನರಾರಂಭಿಸಬಹುದು. ಎದೆಯ ಮೇಲೆ ಭಾರ ಬೀಳದಂತೆ ಎಚ್ಚರ ವಹಿಸಬೇಕು. ಈ ವಿಷಯವನ್ನು ವೈದ್ಯರಲ್ಲಿ ಕೇಳಲು ಸಂಕೋಚಪಡಬೇಕಾಗಿಲ್ಲ.

9. ಲಭ್ಯವಿರುವ ಸೌಲಭ್ಯಗಳು

9.1 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ನೆರವು ದೊರೆಯುತ್ತದೆ.

9.2 ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ, ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ತೆರಳಬೇಕು. ತುರ್ತು ಸಂದರ್ಭದಲ್ಲಿ ನೇರವಾಗಿ ದಾಖಲಾಗಬಹುದು. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರು ನೆರವಾಗುತ್ತಾರೆ. ಬಿಡುಗಡೆಯ ನಂತರ ಯಾವ ಔಷಧಿಗಳು, ಎಷ್ಟು ದಿನ ಪ್ಯಾಕೇಜಿನಲ್ಲಿ ಸೇರಿವೆ ಎಂಬುದನ್ನು ದಾಖಲಾಗುವಾಗಲೇ ಅವರಿಂದ ತಿಳಿದುಕೊಳ್ಳಬೇಕು.

9.3 ಸಹಕಾರ ಸಂಘಗಳ ಸದಸ್ಯರು ಯಶಸ್ವಿನಿ ಯೋಜನೆಯಡಿ ನೋಂದಾಯಿಸಿಕೊಂಡಿದ್ದಲ್ಲಿ ಆ ಕಾರ್ಡನ್ನು ಹಾಜರುಪಡಿಸಬಹುದು.

9.4 ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರು ಅರ್ಹತಾ ಷರತ್ತುಗಳಿಗೊಳಪಟ್ಟು ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆಯನ್ನು ಪಡೆಯಬಹುದು. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಅಗತ್ಯ.

9.5 ರಕ್ತದೊತ್ತಡ ಹಾಗೂ ಮಧುಮೇಹದ ನಂತರದ ತಪಾಸಣೆಗೆ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯಗಳಿಗೆ ಭೇಟಿ ನೀಡಬಹುದು. ಸಾಮಾನ್ಯ ಆರೋಗ್ಯ ಮಾಹಿತಿಗೆ 104 ಸಹಾಯವಾಣಿಯನ್ನು ಸಂಪರ್ಕಿಸಬಹುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಗ್ಗುಲಾಗಿ ಮಲಗಬಹುದೇ?
ಉತ್ತರ: ಆರಂಭದಲ್ಲಿ ತಲೆ ಮತ್ತು ಬೆನ್ನನ್ನು ದಿಂಬಿನಿಂದ ಎತ್ತರಿಸಿ ಅಂಗಾತ ಮಲಗುವುದು ಹಿತಕರ. ನೋವಿಲ್ಲದಿದ್ದಲ್ಲಿ ಮಗ್ಗುಲಾಗಬಹುದು. ಬೋರಲು ಮಲಗಬಾರದು.

ಪ್ರಶ್ನೆ: ಮರುಭೇಟಿಯ ವೇಳೆಗೆ ಎಲ್ಲ ಸರಿಯಿದ್ದಲ್ಲಿ ಹೋಗುವುದು ಅಗತ್ಯವೇ?
ಉತ್ತರ: ಅಗತ್ಯ. ಎದೆಯೊಳಗೆ ನೀರು ಸೇರುವುದು, ರಕ್ತಹೀನತೆ, ಲಯ ತಪ್ಪಿದ ಎದೆಬಡಿತ ಮೊದಲಾದವು ರೋಗಿಗೆ ಅರಿವಾಗುವ ಮುನ್ನವೇ ಪರೀಕ್ಷೆಯಲ್ಲಿ ಕಾಣುತ್ತವೆ.

ಪ್ರಶ್ನೆ: ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದಲ್ಲಿ?
ಉತ್ತರ: ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ಹಾಗೂ ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ತಿಳಿಸಬೇಕು. ಬಿಡುಗಡೆಯ ದಿನವನ್ನು ಹಾಗೂ ನಂತರದ ವ್ಯವಸ್ಥೆಯನ್ನು ಅದಕ್ಕೆ ತಕ್ಕಂತೆ ಯೋಜಿಸಲು ಅವಕಾಶವಾಗುತ್ತದೆ. ಗ್ರಾಮದ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿಡುವುದು ಉಪಯುಕ್ತ.

ಈ ಪುಟವನ್ನು ಮುದ್ರಿಸಿಕೊಂಡು, ವಿಶೇಷವಾಗಿ ಕ್ರಮ ಸಂಖ್ಯೆ 7ರಲ್ಲಿನ ಅಪಾಯದ ಚಿಹ್ನೆಗಳನ್ನು ಮನೆಯ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಅಂಟಿಸಿ, ಓದಲು ಬಾರದವರಿಗೆ ಓದಿ ಹೇಳಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.